ಮೊಲೆ ಬಿಡಿಸಿದ ಮೇಲಿನ ಹದಿನೈದು ದಿನ

ತಾಯಿಯ ಜೊತೆಗಿರುವ ಹಂದಿಮರಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಹಾಲು ಕುಡಿಯುತ್ತದೆ. ಹಗಲು ರಾತ್ರಿ ಎಂಬ ಭೇದವಿಲ್ಲ, ತಾಯಿ ಗುರುಗುಟ್ಟಿ ಕರೆದಾಗಲೆಲ್ಲ ಮೊಲೆಗೆ ಬಾಯಿ ಹಾಕುತ್ತದೆ. ಒಂದು ಬೆಳಗ್ಗೆ ಅದನ್ನು ಎತ್ತಿ ಬೇರೆ ದೊಡ್ಡಿಗೆ ಬಿಡುತ್ತಾರೆ. ಅಲ್ಲಿಗೆ ಹಾಲೂ ನಿಂತಿತು, ತಾಯಿಯ ಮೈಯ ಬಿಸಿಯೂ ಹೋಯಿತು, ಹಾಲಿನ ಜೊತೆ ಕರುಳಿಗೆ ಇಳಿಯುತ್ತಿದ್ದ ರೋಗರಕ್ಷಣೆಯೂ ತಪ್ಪಿತು. ಎದುರಿಗಿರುವುದು ಒಣ ಹಿಟ್ಟಿನ ತೊಟ್ಟಿ ಮತ್ತು ಮೇಲೆ ಬಿದ್ದು ಕಚ್ಚುವ ಬೇರೆ ಸೂಲಿನ ಮರಿಗಳು. ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ಭೇದಿ ಶುರುವಾಗುತ್ತದೆ. ವಾರದ ಹಿಂದೆ ಉರುಟಾಗಿದ್ದ ಮರಿಯ ಬೆನ್ನುಮೂಳೆ ಕಾಣತೊಡಗುತ್ತದೆ.

ಈ ಹದಿನೈದು ದಿನಗಳನ್ನು ದಾಟಿಸುವುದು ಹೇಗೆ ಎಂಬ ಬಗ್ಗೆ ಐವತ್ತು ವರ್ಷಗಳಿಂದ ವಾದ ನಡೆದಿದೆ. ತಡವಾಗಿ ಮೊಲೆ ಬಿಡಿಸಿ ಎನ್ನುವವರಿದ್ದಾರೆ, ಆಹಾರ ಸರಿಮಾಡಿ ಎನ್ನುವವರಿದ್ದಾರೆ, ಔಷಧಿಯನ್ನು ನಂಬಿದವರಿದ್ದಾರೆ, ಬೆಚ್ಚಗಿನ ಒಣ ಜಾಗ ಕೊಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ ಎನ್ನುವವರೂ ಇದ್ದಾರೆ. ವಾದ ಹುಟ್ಟಿದ್ದು ಹೆಚ್ಚಾಗಿ ಯುರೋಪ್, ಅಮೆರಿಕದ ದೊಡ್ಡ ಸಾಕಣೆಗಳಲ್ಲಿ. ಅಲ್ಲಿನ ಉತ್ತರಗಳನ್ನು ದಿಲ್ಲಿಯ ಸುತ್ತಿನ ದೊಡ್ಡಿಗಳಿಗೆ ತಂದಿಟ್ಟರೆ ಏನು ಉಳಿಯುತ್ತದೆ, ಏನು ಬೀಳುತ್ತದೆ ಎಂದು ನೋಡುವುದು ಈ ಲೇಖನದ ಉದ್ದೇಶ. ಜನವರಿಯಲ್ಲಿ ನಾಲ್ಕೈದು ಡಿಗ್ರಿಗೆ ಇಳಿದು, ಮೇ ಕೊನೆಯಲ್ಲಿ ನಲವತ್ತೈದಕ್ಕೆ ಏರುವ ಈ ನೆಲದಲ್ಲಿ ಮೊಲೆ ಬಿಡಿಸುವ ದಿನವನ್ನು ಮರಿಯ ವಯಸ್ಸೊಂದೇ ನಿರ್ಧರಿಸಲಾರದು. ತಿಂಗಳು ಯಾವುದು, ತೊಟ್ಟಿಯಲ್ಲಿ ಏನಿದೆ ಎಂಬುದೂ ಸೇರಿಯೇ ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎರಡು ಬಗೆಯ ಸಾಕಣೆ, ಎರಡು ಚರಿತ್ರೆ

ರಾಷ್ಟ್ರ ರಾಜಧಾನಿ ವಲಯ ಎಂದರೆ ದಿಲ್ಲಿ ಮಾತ್ರವಲ್ಲ. ಹರಿಯಾಣದ ಕರ್ನಾಲ್, ಪಾಣಿಪತ್, ಉತ್ತರ ಪ್ರದೇಶದ ಮೀರಠ್, ಮುಜಫ್ಫರನಗರ, ರಾಜಸ್ಥಾನದ ಅಲ್ವರ್, ಭರತ್‌ಪುರ ಎಲ್ಲವೂ ಅದರೊಳಗೆ ಬರುತ್ತವೆ. ಇಲ್ಲಿ ತಲೆಮಾರುಗಳಿಂದ ಹಂದಿ ಸಾಕಿದವರು ಮುಖ್ಯವಾಗಿ ವಾಲ್ಮೀಕಿ ಸಮುದಾಯದವರು. 1997ರಲ್ಲಿ ಪ್ರಕಟವಾದ ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕಥೆ ‘ಜೂಠನ್’ ಮುಜಫ್ಫರನಗರ ಜಿಲ್ಲೆಯ ಬರ್ಲಾ ಎಂಬ ಊರಿನದು. ಆ ಕೇರಿಯ ಬದುಕಿನಲ್ಲಿ ಹಂದಿ ಮನೆಯ ಆಸ್ತಿಯೂ ಆಗಿತ್ತು, ಮದುವೆ ಮತ್ತು ಹರಕೆಗಳ ಭಾಗವೂ ಆಗಿತ್ತು ಎಂಬುದನ್ನು ಓದಿದವರು ಮರೆಯಲಾರರು. ಇಂಥ ಸಾಕಣೆಯಲ್ಲಿ ‘ಮೊಲೆ ಬಿಡಿಸುವ ದಿನ’ ಎಂಬುದೇ ಇರಲಿಲ್ಲ. ಹೊರಗೆ ತಿರುಗಿ ಮೇಯುವ ತಾಯಿಯ ಹಿಂದೆ ಮರಿಗಳೂ ತಿರುಗುತ್ತಿದ್ದವು. ಹಾಲು ಕಡಿಮೆಯಾದಂತೆ ಅವು ಮಣ್ಣು ಕೆದಕಿ, ಸಿಕ್ಕಿದ್ದನ್ನು ಕಚ್ಚಿ ರೂಢಿ ಮಾಡಿಕೊಳ್ಳುತ್ತಿದ್ದವು.

ಇನ್ನೊಂದು ಚರಿತ್ರೆ ಸರ್ಕಾರದ್ದು. ಸ್ವಾತಂತ್ರ್ಯಾನಂತರದ ಯೋಜನೆಗಳಲ್ಲಿ ಅಲಿಗಢದಲ್ಲಿ ಬೇಕನ್ ಕಾರ್ಖಾನೆ ಬಂತು, ಲಾರ್ಜ್ ವೈಟ್ ಯಾರ್ಕ್‌ಷೈರ್ ಮತ್ತು ಲ್ಯಾಂಡ್‌ರೇಸ್ ತಳಿಗಳು ಬಂದವು. ಬರೇಲಿ ಪಕ್ಕದ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಆ ಭಾಗದ ಘುರ್ರಾ ಹಂದಿಯನ್ನು ಲ್ಯಾಂಡ್‌ರೇಸ್ ಜೊತೆ ಬೆರೆಸಿ ‘ಲ್ಯಾಂಡ್ಲಿ’ ಎಂಬ ಮಿಶ್ರತಳಿಯನ್ನು ರೂಪಿಸಿತು. ನಮ್ಮ ಹೆಸರಘಟ್ಟದ ಹಂದಿ ತಳಿ ಕೇಂದ್ರವೂ ಇದೇ ಆಧುನೀಕರಣದ ಫಲ. ಸರ್ಕಾರಿ ಕೇಂದ್ರಗಳು ಮೊದಲು 56 ದಿನಕ್ಕೆ, ಆಮೇಲೆ 42 ದಿನಕ್ಕೆ ಮೊಲೆ ಬಿಡಿಸುವ ಪದ್ಧತಿ ಇಟ್ಟುಕೊಂಡವು.

ಈಗ ಮೂರನೆಯ ಗುಂಪೊಂದು ಸೇರಿಕೊಂಡಿದೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಅಭಿಯಾನ ಹಂದಿ ಘಟಕಗಳಿಗೆ ಶೇ 50ರಷ್ಟು ಬಂಡವಾಳ ಸಹಾಯಧನ ಘೋಷಿಸಿತು. ದಿಲ್ಲಿಯಲ್ಲಿ ಗಿರಾಕಿಗಳಿದ್ದಾರೆ. ಐಎನ್‌ಎ ಮಾರುಕಟ್ಟೆಯಲ್ಲಿ ಹಂದಿಮಾಂಸ ಸಿಗುತ್ತದೆ, ಹುಮಾಯೂನ್‌ಪುರದ ಈಶಾನ್ಯ ಭಾರತದ ಊಟದ ಮನೆಗಳು ಅದರ ಮೇಲೇ ನಡೆಯುತ್ತವೆ, ಪಂದಿ ಕರಿಗೆ ಮಾಂಸ ಹುಡುಕುವ ಕೊಡಗಿನ ಮನೆಗಳೂ ಈ ಊರಿನಲ್ಲಿವೆ. ಇದನ್ನು ನಂಬಿ ಸಾಕಣೆಗೆ ಇಳಿದ ಹೊಸಬರು ಮೊಬೈಲಿನ ವಿಡಿಯೊಗಳಲ್ಲಿ ಕಂಡ 28 ದಿನದ ಲೆಕ್ಕವನ್ನು ಹಿಡಿದಿದ್ದಾರೆ.

ವಯಸ್ಸಿನ ವಾದ

ಬೇಗ ಬಿಡಿಸಬೇಕೆಂಬ ಒತ್ತಾಯದ ಹಿಂದೆ ಸರಳ ಗಣಿತವಿದೆ. ಹಂದಿಯ ಗರ್ಭಕಾಲ ಸುಮಾರು 114 ದಿನ. ಮೊಲೆ ಬಿಡಿಸಿದ ನಾಲ್ಕರಿಂದ ಏಳು ದಿನದೊಳಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. 56 ದಿನ ಹಾಲೂಡಿಸಿದರೆ ವರ್ಷಕ್ಕೆ ಎರಡು ಸೂಲಿಗಿಂತ ತುಸು ಹೆಚ್ಚು, 28 ದಿನಕ್ಕೆ ನಿಲ್ಲಿಸಿದರೆ ಹತ್ತಿರಹತ್ತಿರ ಎರಡೂವರೆ ಸೂಲು. ಅಮೆರಿಕದಲ್ಲಿ 1990ರ ಸುಮಾರಿಗೆ ಈ ತರ್ಕ ತುದಿ ಮುಟ್ಟಿತು. ತಾಯಿಯ ರೋಗಾಣುಗಳು ಮರಿಗೆ ದಾಟುವ ಮೊದಲೇ ಬೇರ್ಪಡಿಸುವ ಉದ್ದೇಶದಿಂದ ಎರಡೂವರೆ ವಾರಕ್ಕೂ ಮೊದಲೇ ಮೊಲೆ ಬಿಡಿಸುವ ಪದ್ಧತಿ ಹರಡಿತು.

ಎದುರು ದಿಕ್ಕಿನಿಂದ ಬಂದದ್ದು ಪ್ರಾಣಿವರ್ತನೆ ಅಧ್ಯಯನ. ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್-ಗಶ್ ಸಾಕುಹಂದಿಗಳನ್ನು ಕಾಡಿನಂಥ ಆವರಣದಲ್ಲಿ ಬಿಟ್ಟು ಅವುಗಳ ನಡವಳಿಕೆ ಗಮನಿಸಿದರು. ಇಂಥ ಅಧ್ಯಯನಗಳಲ್ಲಿ ಕಂಡಂತೆ, ತಾಯಿಗೇ ಬಿಟ್ಟರೆ ಹಾಲು ಪೂರ್ತಿ ನಿಲ್ಲುವುದು ಸುಮಾರು 12ರಿಂದ 17 ವಾರಗಳಲ್ಲಿ, ಅದೂ ಹಂತಹಂತವಾಗಿ. ಯುರೋಪಿಯನ್ ಒಕ್ಕೂಟ 2008ರ ನಿರ್ದೇಶನದಲ್ಲಿ 28 ದಿನಕ್ಕಿಂತ ಮೊದಲು ಮೊಲೆ ಬಿಡಿಸಬಾರದೆಂದು ಹೇಳಿತು. ಪೂರ್ತಿ ಖಾಲಿ ಮಾಡಿ ತೊಳೆದ ಪ್ರತ್ಯೇಕ ಕೊಠಡಿ ಇದ್ದರೆ ಒಂದು ವಾರದ ರಿಯಾಯಿತಿ ಕೊಟ್ಟಿತು. 28 ದಿನ ಎಂಬ ಸಂಖ್ಯೆ ಇಂಥ ರಾಜಿಯಿಂದ ಬಂದದ್ದು. ಬಿಸಿ ಮಾಡಿದ ಕೊಠಡಿ, ಹಾಲಿನಪುಡಿ ಬೆರೆಸಿದ ಆಹಾರ ಎರಡೂ ಇರುವ ಸಾಕಣೆಗಳನ್ನು ಎದುರಿಗಿಟ್ಟುಕೊಂಡು ಬರೆದದ್ದು. ಅವೆರಡೂ ಇಲ್ಲದ ಕಡೆ ಸಂಖ್ಯೆಯೊಂದನ್ನೇ ಎತ್ತಿಕೊಂಡರೆ ಮರಿ ಸಾಯುತ್ತದೆ.

ದಿಲ್ಲಿಯ ಬಿಸಿಲು ಈ ವಾದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಮೇ, ಜೂನ್‌ನಲ್ಲಿ ತಾಯಿಹಂದಿ ಮೇವು ಕಡಿಮೆ ಮಾಡುತ್ತದೆ. ಹಾಲು ಇಳಿಯುತ್ತದೆ, ಅದರ ಮೈಯೂ ಇಳಿಯುತ್ತದೆ. ಆ ಕಾಲದಲ್ಲಿ ತುಸು ಬೇಗ ಬಿಡಿಸಿದರೆ ತಾಯಿ ಉಳಿಯುತ್ತದೆ, ಮರಿಗೂ ಚಳಿಯ ಭಯವಿಲ್ಲ. ಡಿಸೆಂಬರ್, ಜನವರಿಯಲ್ಲಿ ಲೆಕ್ಕ ತಿರುಗಿ ತಾಯಿಯ ಮೈಬಿಸಿಯೇ ಮರಿಯ ಜೀವವಾಗುತ್ತದೆ. ಒಂದೇ ದೊಡ್ಡಿಯಲ್ಲಿ ಬೇಸಿಗೆಗೆ 35 ದಿನ, ಚಳಿಗಾಲಕ್ಕೆ 50 ದಿನ ಎಂದು ಇಟ್ಟುಕೊಂಡರೆ ಅದರಲ್ಲಿ ಅಸಂಗತವೇನೂ ಇಲ್ಲ.

ಕರುಳಿನೊಳಗೆ ಏನಾಗುತ್ತದೆ

ಇಡೀ ವಾದದಲ್ಲಿ ಅತ್ಯಂತ ಕುತೂಹಲದ ಅಧ್ಯಾಯ ಇದು. ಹಾಲು ಕುಡಿಯುವ ಮರಿಯ ಸಣ್ಣ ಕರುಳಿನ ಒಳಗೋಡೆ ಹೊಸ ಕಂಬಳಿಯ ಜುಂಗಿನಂತೆ ಉದ್ದುದ್ದ ಎಳೆಗಳಿಂದ ತುಂಬಿರುತ್ತದೆ. ಆಹಾರ ಹೀರುವುದು ವಿಲ್ಲಸ್ ಎನ್ನುವ ಈ ಎಳೆಗಳ ಮೂಲಕ. ಮೊಲೆ ಬಿಡಿಸಿದ ಕೆಲವೇ ದಿನಗಳಲ್ಲಿ ಅವು ಗಿಡ್ಡವಾಗುತ್ತವೆ, ಹಾಲುಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ಇಳಿಯುತ್ತದೆ. ಹೀರದೆ ಉಳಿದ ಆಹಾರ ದೊಡ್ಡ ಕರುಳಿನಲ್ಲಿ ಕೊಳೆಯುತ್ತದೆ. ಇ. ಕೋಲಿ ರೋಗಾಣುವಿಗೆ ಇದು ಹಬ್ಬ. 1980ರ ದಶಕದ ಮಧ್ಯದಲ್ಲಿ ಡೇವಿಡ್ ಹ್ಯಾಂಪ್ಸನ್ ಅವರ ಅಧ್ಯಯನಗಳು ಈ ಬದಲಾವಣೆಯನ್ನು ಅಳತೆ ಸಹಿತ ತೋರಿಸಿದವು.

ಏಕೆ ಹೀಗಾಗುತ್ತದೆ? ಬ್ರಿಸ್ಟಲ್‌ನ ಸಂಶೋಧಕರು ಸೋಯಾದಂಥ ಹೊಸ ಪ್ರೋಟೀನಿನ ಮೇಲೆ ಬೆರಳು ತೋರಿದರು. ಮರಿಯ ಕರುಳು ಅದನ್ನು ಶತ್ರುವೆಂದು ಎಣಿಸಿ ಉರಿದೇಳುತ್ತದೆ, ಆ ಉರಿತದಲ್ಲಿ ತನ್ನ ಗೋಡೆಯನ್ನೇ ಹಾಳುಮಾಡಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಸೋಯಾ ಹಿಂಡಿ ಮಿತವಾಗಿರಲಿ, ಮೊಲೆಯುಣ್ಣುವಾಗಲೇ ಸ್ವಲ್ಪಸ್ವಲ್ಪ ರುಚಿ ತೋರಿಸಿ ಎಂಬ ಸಲಹೆ ಬೆಳೆದದ್ದು ಹೀಗೆ. ನಂತರ 1996ರಲ್ಲಿ ಜಾನ್ ಪ್ಲಸ್ಕೆ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಮೊಲೆ ಬಿಡಿಸಿದ ಮರಿಗಳಿಗೆ ಎರಡು ಗಂಟೆಗೊಮ್ಮೆ ಹಸುವಿನ ಹಾಲು ಕುಡಿಸಿದರು. ಹೊಟ್ಟೆ ತುಂಬಿದ ಮರಿಗಳಲ್ಲಿ ಎಳೆಗಳು ಗಿಡ್ಡವಾಗಲಿಲ್ಲ. ಅಲ್ಲಿಗೆ ಉಪವಾಸವೇ ಮೊದಲ ಅಪರಾಧಿ ಎಂಬ ವಾದಕ್ಕೆ ಬಲ ಬಂತು.

ನನಗೆ ಎರಡನೆಯ ವಾದವೇ ಹೆಚ್ಚು ಒಪ್ಪಿಗೆ. ಬೇರ್ಪಟ್ಟ ಮರಿಗಳಲ್ಲಿ ಎಷ್ಟೋ ಮೊದಲ ದಿನ ತೊಟ್ಟಿಯ ಕಡೆ ಸುಳಿಯುವುದೇ ಇಲ್ಲ, ಕೆಲವು ಎರಡು ದಿನ ಕಳೆದರೂ ಬಾಯಿ ಹಾಕುವುದಿಲ್ಲ. ಗಂಟೆಗೊಮ್ಮೆ ಉಂಡ ಜೀವಕ್ಕೆ ಎರಡು ದಿನದ ಉಪವಾಸ ಸಣ್ಣದಲ್ಲ. ಆಮೇಲೆ ಹಸಿವು ತಾಳದೆ ಒಮ್ಮೆಲೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಗಿಡ್ಡವಾದ ಎಳೆಗಳಿಗೆ ಅದು ಅರಗದೆ ಭೇದಿಯಾಗುತ್ತದೆ. ಹಾಗಾಗಿ ಮೊದಲ ನಾಲ್ಕು ದಿನ ಹಿಟ್ಟನ್ನು ಬೆಚ್ಚಗಿನ ನೀರಿನಲ್ಲಿ ಗಂಜಿ ಮಾಡಿ, ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ ಹಾಕಿ, ಉಳಿದದ್ದನ್ನು ಹುಳಿಯುವ ಮೊದಲು ತೆಗೆದುಹಾಕುವುದು ಯಾವ ಔಷಧಿಗಿಂತಲೂ ಕಡಿಮೆಯಲ್ಲ. ಎಲ್ಲ ಮರಿಗಳೂ ಒಟ್ಟಿಗೆ ಮೂತಿ ಹಾಕುವಷ್ಟು ತೊಟ್ಟಿ ಉದ್ದವಿರಬೇಕು, ಏಕೆಂದರೆ ಹಂದಿಮರಿಗೆ ಒಟ್ಟಿಗೆ ಉಣ್ಣುವುದೇ ರೂಢಿ. ಹತ್ತನೆಯ ದಿನದಿಂದಲೇ ತಾಯಿಗೆ ಸಿಗದ ಮೂಲೆಯಲ್ಲಿ ಒಂದು ಹಿಡಿ ಮರಿ ಆಹಾರ ಇಟ್ಟರೆ ಕೆಲವು ಮರಿಗಳು ಮೂಸಿ ಕಲಿಯುತ್ತವೆ. ಹಾಗೆ ಕಲಿತವು ಬೇರ್ಪಟ್ಟ ಮೇಲೆ ಬೇಗ ಉಣ್ಣುತ್ತವೆ ಎಂಬುದನ್ನು ನೆದರ್ಲೆಂಡ್ಸ್‌ನ ಪ್ರಯೋಗಗಳು ತೋರಿಸಿವೆ. ಎಲ್ಲವೂ ಕಲಿಯುವುದಿಲ್ಲ ಎಂಬುದನ್ನೂ ತೋರಿಸಿವೆ.

ತೊಟ್ಟಿಯಲ್ಲಿ ಏನಿರಬೇಕು

ಭಾರತೀಯ ಮಾನಕ ಮರಿ ಆಹಾರಕ್ಕೆ ಶೇ 20ರಷ್ಟು ಕಚ್ಚಾ ಪ್ರೋಟೀನು ಬೇಕೆನ್ನುತ್ತದೆ. ಬೆಳೆಯುವ ಹಂದಿಗೆ 18, ಮಾಂಸಕ್ಕೆ ಸಿದ್ಧವಾಗುವುದಕ್ಕೆ 16. ಆಸ್ಟ್ರೇಲಿಯದ ಸಂಶೋಧಕರು ಇದನ್ನು ತಿರುಗಿಸಿ ಕೇಳಿದರು. ಅರಗದ ಪ್ರೋಟೀನೇ ರೋಗಾಣುವಿನ ಊಟವಾಗುವುದಾದರೆ, ಮೊದಲ ವಾರ ಹತ್ತು ದಿನ ಪ್ರೋಟೀನನ್ನು 17–18ಕ್ಕೆ ಇಳಿಸಿ, ಕೊರತೆಯಾಗುವ ಲೈಸಿನ್‌ನಂಥ ಅಮೈನೊ ಆಮ್ಲಗಳನ್ನು ಬೇರೆಯಾಗಿ ಸೇರಿಸಿದರೆ ಹೇಗೆ? ಭೇದಿ ಕಡಿಮೆಯಾಯಿತು. ಸಣ್ಣ ಸಾಕಣೆದಾರನ ತೊಡಕು ಬೇರೆ. ಪ್ರೋಟೀನು ಇಳಿಸುವುದು ಅವನಿಗೆ ಸುಲಭ, ಶುದ್ಧ ಲೈಸಿನ್ ಕೊಳ್ಳುವುದು ಕಷ್ಟ. ಅರ್ಧ ಸಲಹೆಯನ್ನು ಮಾತ್ರ ಪಾಲಿಸಿದರೆ ಮರಿ ಕುಂಠಿತವಾಗುತ್ತದೆ.

ದಿಲ್ಲಿಯ ಸುತ್ತ ಏನು ಸಿಗುತ್ತದೆ ಎಂಬುದು ಇಲ್ಲಿ ಮುಖ್ಯ. ಕರ್ನಾಲ್‌ನ ಅಕ್ಕಿ ಗಿರಣಿಗಳ ನುಚ್ಚಕ್ಕಿ ಮರಿಗೆ ಬಹಳ ಒಳ್ಳೆಯದು. ಬೇಯಿಸಿದ ಅನ್ನದ ಆಹಾರ ಕರುಳಿನ ಸೋಂಕನ್ನು ತಗ್ಗಿಸುತ್ತದೆಂಬ ಪ್ರಯೋಗಫಲಗಳು ಆಸ್ಟ್ರೇಲಿಯದಿಂದಲೇ ಬಂದಿವೆ, ಎಲ್ಲ ಪ್ರಯೋಗಗಳೂ ಅದನ್ನು ಸಮರ್ಥಿಸಿಲ್ಲ. ಅಕ್ಕಿ ತೌಡು ಹಳೆಯದಾದರೆ ಅದರ ಎಣ್ಣೆ ಕಮಟು ಹಿಡಿಯುತ್ತದೆ, ಅಂಥದ್ದನ್ನು ಮರಿಗೆ ಹಾಕಬಾರದು. ಭರತ್‌ಪುರ, ಅಲ್ವರ್ ಸಾಸಿವೆಯ ನಾಡು. ಅಲ್ಲಿನ ಹಿಂಡಿ ಸೋಯಾ ಹಿಂಡಿಗಿಂತ ಅಗ್ಗ, ಎಮ್ಮೆಗಳು ಅದನ್ನು ತಿಂದು ಹಾಲು ಕೊಡುತ್ತವೆ. ಆದರೆ ದೇಸಿ ಸಾಸಿವೆ ಹಿಂಡಿಯಲ್ಲಿರುವ ಗ್ಲುಕೋಸಿನೋಲೇಟ್ ಅಂಶ ಖಾರವಾಗಿ ಮರಿಯ ಬಾಯಿಗೆ ಒಗ್ಗುವುದಿಲ್ಲ, ಥೈರಾಯ್ಡ್ ಗ್ರಂಥಿಗೂ ಕೆಡುಕು. ಎಮ್ಮೆಗೆ ಆಗುತ್ತದೆಂದು ಮರಿಗೆ ಹಾಕುವುದು ಈ ಭಾಗದ ದೊಡ್ಡ ತಪ್ಪುಗಳಲ್ಲೊಂದು.

ಮೆಕ್ಕೆಜೋಳಕ್ಕೆ ಎಥನಾಲ್ ಕಾರ್ಖಾನೆಗಳು ಪೈಪೋಟಿಗೆ ಬಂದ ಮೇಲೆ ಬೆಲೆ ಏರಿತು. ಬದಲಿಗೆ ಆ ಕಾರ್ಖಾನೆಗಳ ಒಣ ಚರಟ ಮಾರುಕಟ್ಟೆಗೆ ಬಂದಿದೆ. ಕಾಳಿನಲ್ಲಿದ್ದ ಬೂಷ್ಟಿನ ವಿಷ ಚರಟದಲ್ಲಿ ಸುಮಾರು ಮೂರು ಪಟ್ಟು ಸಾಂದ್ರವಾಗುವುದರಿಂದ ಎಳೆಯ ಮರಿಯ ತೊಟ್ಟಿಗೆ ಅದು ಬೇಡ. ಇದಕ್ಕೆ ಪ್ರತಿಯಾಗಿ, ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಳ್ಳೆಯ ವಸ್ತುವೊಂದಿದೆ: ಪನೀರ್ ಒಡೆಸಿದ ಮೇಲೆ ಉಳಿಯುವ ತಿಳಿನೀರು. ದುಬಾರಿ ವಿದೇಶಿ ಮರಿ ಆಹಾರಗಳಲ್ಲಿ ಹಾಲುಸಕ್ಕರೆಗಾಗಿ ಒಣಗಿದ ವೇ ಪುಡಿ ಬೆರೆಸುತ್ತಾರೆ. ಪನೀರಿನ ತಿಳಿಯಲ್ಲಿ ಅದೇ ಸಕ್ಕರೆ ನೂರಕ್ಕೆ ನಾಲ್ಕೈದು ಪಾಲು ಇದೆ, ಜೊತೆಗೆ ಮರಿಯ ಜಠರಕ್ಕೆ ಸಾಲದಿರುವ ಹುಳಿಯೂ ಇದೆ. ತಾಜಾ ಇರುವಾಗ ಕುದಿಸಿ ಆರಿಸಿ ಗಂಜಿ ಕಲಸಲು ಬಳಸಬಹುದು. ಡೆನ್ಮಾರ್ಕ್, ನೆದರ್ಲೆಂಡ್ಸ್‌ನಲ್ಲಿ ಆಹಾರವನ್ನು ಹುದುಗಿಸಿ ಹುಳಿ ಮಾಡಿ ಕೊಡುವ ಪದ್ಧತಿಯ ಹಿಂದಿರುವುದೂ ಇದೇ ತತ್ವ. ಹುಳಿಯಲ್ಲಿ ಇ. ಕೋಲಿ ಬೆಳೆಯಲು ಹೆಣಗುತ್ತದೆ.

ಸತುವು ಮತ್ತು ಪ್ರತಿಜೀವಕ

ಔಷಧಿಯ ಪಕ್ಷ ಬಹುಕಾಲ ಗೆದ್ದದ್ದು ಅದು ಫಲ ಕೊಟ್ಟದ್ದರಿಂದ. ಡೆನ್ಮಾರ್ಕ್‌ನಲ್ಲಿ 1980ರ ದಶಕದ ಕೊನೆಯಲ್ಲಿ ಕಂಡುಕೊಂಡಂತೆ, ಕಿಲೋ ಆಹಾರಕ್ಕೆ ಸುಮಾರು 2,500 ಮಿಲಿಗ್ರಾಂ ಸತುವನ್ನು ಸತುವಿನ ಆಕ್ಸೈಡ್ ರೂಪದಲ್ಲಿ ಎರಡು ವಾರ ಕೊಟ್ಟರೆ ಭೇದಿ ಗಮನಾರ್ಹವಾಗಿ ಇಳಿಯುತ್ತದೆ. ಆದರೆ ಸತು ಹಿಕ್ಕೆಯ ಮೂಲಕ ಮಣ್ಣಿಗೆ ಸೇರಿ ಅಲ್ಲೇ ನಿಲ್ಲುತ್ತದೆ, ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಗೂ ದಾರಿ ಮಾಡಿಕೊಡುತ್ತದೆ ಎಂಬ ಕಾರಣಕ್ಕೆ ಯುರೋಪ್ 2022ರ ಜೂನ್‌ನಲ್ಲಿ ಈ ಬಳಕೆ ನಿಲ್ಲಿಸಿತು. ಅದಕ್ಕೂ ಬಹಳ ಮೊದಲು, 1986ರಲ್ಲಿ, ಸ್ವೀಡನ್ ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದನ್ನು ನಿಷೇಧಿಸಿತ್ತು. ಮೊದಮೊದಲು ಅಲ್ಲಿ ಮರಿಗಳ ಭೇದಿ ಹೆಚ್ಚಿತು. ಆಮೇಲೆ ಮೊಲೆ ಬಿಡಿಸುವುದನ್ನು ತಡಮಾಡಿ, ದಪ್ಪ ಹುಲ್ಲಿನ ಹಾಸು ಹಾಕಿ, ದೊಡ್ಡಿಯ ನಿರ್ವಹಣೆ ಬದಲಿಸಿ ದಾಟಿಕೊಂಡರು. ಈ ಸಮೀಕ್ಷೆಯಲ್ಲಿ ನಮಗೆ ಅತ್ಯಂತ ಹತ್ತಿರದ ಪಾಠ ಇದು.

ಪ್ರತಿಜೀವಕಗಳಲ್ಲಿ ಕೊಲಿಸ್ಟಿನ್ ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿದ ಔಷಧಿಗಳಲ್ಲೊಂದು. ಅದನ್ನು ಸೋಲಿಸುವ, ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲ ಎಂಸಿಆರ್-1 ಜೀನನ್ನು 2015ರಲ್ಲಿ ಚೀನಾದ ಹಂದಿಗಳಲ್ಲಿ ಗುರುತಿಸಿದರು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು. ಅಂಗಡಿಯಲ್ಲಿ ಕೇಳಿ ತಂದ ಪುಡಿಯನ್ನು ಅಂದಾಜಿನಲ್ಲಿ ನೀರಿಗೆ ಕಲಸುವುದಕ್ಕೆ ಯಾವ ಪಕ್ಷದ ಬೆಂಬಲವೂ ಇಲ್ಲ.

ಬೆಚ್ಚಗೆ ಮಲಗಲು ಜಾಗ, ಕುಡಿಯಲು ನೀರು

ಮೊಲೆ ಬಿಟ್ಟ ಮೊದಲ ವಾರ ಮರಿಗೆ 28ರಿಂದ 30 ಡಿಗ್ರಿ ಬೇಕು. ದಿಲ್ಲಿಯ ಜನವರಿ ರಾತ್ರಿಗೂ ಇದಕ್ಕೂ ಇಪ್ಪತ್ತೈದು ಡಿಗ್ರಿ ಅಂತರ. ಒದ್ದೆ ಸಿಮೆಂಟ್ ನೆಲದ ಮೇಲೆ ಒಂದರ ಮೇಲೊಂದು ಬಿದ್ದು ನಡುಗುವ ಮರಿಗಳು ತಿಂದದ್ದೆಲ್ಲ ಮೈ ಕಾಯಿಸಲು ಹೋಗುತ್ತದೆ. ಚಳಿಯೆಂದು ಗೋಣಿ ಕಟ್ಟಿ ಪೂರ್ತಿ ಮುಚ್ಚಿದರೆ ಮೂತ್ರದ ಅಮೋನಿಯಾ ಶ್ವಾಸಕೋಶ ಸುಡುತ್ತದೆ. ದೊಡ್ಡಿಯೆಲ್ಲ ಬಿಸಿ ಮಾಡಬೇಕಾಗಿಲ್ಲ. ತಗ್ಗು ಛಾವಣಿಯ ಒಂದು ಪೆಟ್ಟಿಗೆ, ಒಳಗೆ ಒಣ ಹುಲ್ಲು, ಸಾಧ್ಯವಾದರೆ ಒಂದು ದೀಪ. ಮಲಗುವ ಮೂಲೆ ಬೆಚ್ಚಗಿದ್ದು ಉಳಿದ ಜಾಗ ಗಾಳಿಯಾಡುತ್ತಿದ್ದರೆ ಸಾಕು.

ಹುಲ್ಲು ಎಲ್ಲಿಂದ? ಅಕ್ಟೋಬರ್, ನವೆಂಬರಿನಲ್ಲಿ ಹರಿಯಾಣ, ಪಂಜಾಬಿನ ಗದ್ದೆಗಳಲ್ಲಿ ಸುಟ್ಟು ದಿಲ್ಲಿಯ ಉಸಿರು ಕಟ್ಟಿಸುವ ಪರಾಲಿ ಅದೇ ಭತ್ತದ ಹುಲ್ಲು. ಚಳಿ ಕಾಲಿಡುವ ಹೊತ್ತಿಗೆ ಸರಿಯಾಗಿ ರಾಶಿ ಬೀಳುವ ಈ ಹುಲ್ಲು ಒಣಗಿದ್ದರೆ ಮರಿಯ ಹಾಸಿಗೆಗೆ ಒಳ್ಳೆಯದು. ಬೂಷ್ಟು ಹಿಡಿದಿದ್ದರೆ ಬೇಡ. ಹಂದಿ ಸಾಕುವವರ ಸಂಖ್ಯೆ ಸಣ್ಣದು, ಇದರಿಂದ ಹೊಗೆ ನಿಲ್ಲುವುದಿಲ್ಲ. ಮರಿಗಳು ಉಳಿಯುತ್ತವೆ.

ನೀರಿನ ಮಾತನ್ನು ಪುಸ್ತಕಗಳು ಬೇಗ ಮುಗಿಸುತ್ತವೆ. ಇಲ್ಲಿ ಹಾಗೆ ಮುಗಿಸಲಾಗದು. ನೈಋತ್ಯ ದಿಲ್ಲಿಯ ನಜಫ್‌ಗಢ ಕಡೆ ಅಂತರ್ಜಲ ಉಪ್ಪು. ತಿನ್ನಿಸುವುದು ಹೋಟೆಲಿನ ಉಳಿಕೆಯಾದರೆ ಅದರಲ್ಲೂ ಉಪ್ಪು. ಕುಡಿಯಲು ಸಾಕಷ್ಟು ಸಿಹಿನೀರು ಇಲ್ಲದಾಗ ಉಪ್ಪು ಮಿದುಳಿಗೇರಿ ಮರಿ ತಿರುಗಿ ತಿರುಗಿ ಬಿದ್ದು ಸೆಟೆದು ಸಾಯುತ್ತದೆ. ಬಾಯಾರಿದ್ದಕ್ಕೆ ಒಮ್ಮೆಲೆ ನೀರು ಬಿಟ್ಟರೂ ಅಪಾಯವೇ. ಇಂಥ ಸಾವನ್ನು ಎಷ್ಟೋ ಸಲ ಜ್ವರವೆಂದು ಭಾವಿಸುತ್ತಾರೆ.

ಮುಸುರೆಯ ಪ್ರಶ್ನೆ

ದಿಲ್ಲಿಯ ಹಂದಿ ಸಾಕಣೆ ನಿಂತಿರುವುದು ಬಹುಪಾಲು ಮುಸುರೆಯ ಮೇಲೆ. ಹೋಟೆಲು, ವಿದ್ಯಾರ್ಥಿನಿಲಯ, ಮದುವೆ ಮಂಟಪಗಳ ಉಳಿಕೆ, ಆಜಾದ್‌ಪುರದಂಥ ಮಂಡಿಗಳ ತರಕಾರಿ. ಬೆಂಗಳೂರಿನ ಹೊರವಲಯದಲ್ಲೂ ಚಿತ್ರ ಬೇರೆಯಲ್ಲ. ಸಾಕುವವನಿಗೆ ಇದು ಮೇವಿನ ಖರ್ಚನ್ನು ತೀರ ತಗ್ಗಿಸುವ ದಾರಿ. ದೊಡ್ಡ ಹಂದಿಗೆ ಇದು ನಡೆಯುತ್ತದೆ. ಮೊಲೆ ಬಿಟ್ಟ ಮರಿಗೆ ನಡೆಯುವುದಿಲ್ಲ, ಏಕೆಂದರೆ ಮುಸುರೆಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಮರಿಯ ಪುಟ್ಟ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಎಣ್ಣೆ, ಖಾರ, ಉಪ್ಪು ದಿನಕ್ಕೊಂದು ತರ. ಬಡ ಸಾಕಣೆದಾರನಿಗೆ ನಾನು ಹೇಳಬಯಸುವುದು ಇಷ್ಟು: ದುಡ್ಡಿರುವುದು ಸ್ವಲ್ಪವೇ ಆದರೆ ಅದನ್ನು ಈ ಎರಡು ವಾರಕ್ಕೆ ಖರ್ಚು ಮಾಡಿ. ಮರಿ ತಿನ್ನುವುದು ಕಡಿಮೆ, ಒಳ್ಳೆಯ ಹಿಟ್ಟಿನ ಒಟ್ಟು ಖರ್ಚೂ ಕಡಿಮೆ. ಮುಸುರೆಗೆ ಆಮೇಲೆ ನಿಧಾನವಾಗಿ ರೂಢಿ ಮಾಡಬಹುದು.

ಇನ್ನು ರೋಗ. ಬ್ರಿಟನ್ 2001ರ ಕಾಲುಬಾಯಿ ಜ್ವರದ ನಂತರ ಮುಸುರೆ ತಿನ್ನಿಸುವುದನ್ನೇ ನಿಷೇಧಿಸಿತು, ಯುರೋಪ್ ಅನುಸರಿಸಿತು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದ ಮೂಲಕ ಭಾರತಕ್ಕೆ ಬಂತು. 2022ರಲ್ಲಿ ಲಖನೌ, ಪಟಿಯಾಲ, ವಯನಾಡುಗಳಲ್ಲಿ ಕಾಣಿಸಿತು. ಅದಕ್ಕೆ ಚಿಕಿತ್ಸೆಯಿಲ್ಲ, ಮಾಂಸದ ಚೂರಿನಲ್ಲೂ ವೈರಾಣು ಬಹುಕಾಲ ಬದುಕುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಂತೆ ಮುಸುರೆಯನ್ನು ಕನಿಷ್ಠ 90 ಡಿಗ್ರಿಯಲ್ಲಿ ಒಂದು ಗಂಟೆ ತಿರುವುತ್ತಾ ಕಾಯಿಸಬೇಕು. ಒಲೆ, ಸೌದೆ, ಸಮಯದ ಲೆಕ್ಕದಲ್ಲಿ ಸಣ್ಣವನಿಗೆ ಇದು ಭಾರ.

ಇದಕ್ಕೆ ಮರುವಾದವೂ ಗಟ್ಟಿಯಾಗಿದೆ. ಜಪಾನ್ ಆಹಾರ ಮರುಬಳಕೆ ಕಾನೂನು ಮಾಡಿ, ಪರವಾನಗಿ ಪಡೆದ ಘಟಕಗಳಲ್ಲಿ ಉಳಿಕೆಯನ್ನು ಕಾಯಿಸಿ ಹಂದಿ ಮೇವು ಮಾಡುತ್ತದೆ. ಯುರೋಪ್ ಇದನ್ನು ಒಪ್ಪಿಕೊಂಡರೆ ಸುಮಾರು 18 ಲಕ್ಷ ಹೆಕ್ಟೇರ್ ಭೂಮಿ ಉಳಿದೀತೆಂದು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಲೆಕ್ಕ ಹಾಕಿದರು. ದಿಲ್ಲಿಯ ಗಾಜಿಪುರದ ಕಸದ ಗುಡ್ಡ ನೋಡಿದವರಿಗೆ ಈ ವಾದದ ತೂಕ ತಿಳಿಯುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಘುರ್ರಾ ಮತ್ತು ಅದರ ಮಿಶ್ರತಳಿಗಳಿಗೆ ಉತ್ತರ ಭಾರತದ ಚಳಿಗಾಲದಲ್ಲಿ ಮೊಲೆ ಬಿಡಿಸುವ ತಕ್ಕ ವಯಸ್ಸು ಯಾವುದು ಎಂಬುದು ಚರ್ಚೆಯಲ್ಲೇ ಇದೆ. ದೇಸಿ ಮರಿ ಹುಟ್ಟುವಾಗಲೇ ಸಣ್ಣದು, ದಿನ ಎಣಿಸುವುದಕ್ಕಿಂತ ತೂಕ ನೋಡುವುದು ನ್ಯಾಯ ಎಂದು ನನಗನ್ನಿಸುತ್ತದೆ. ಎಷ್ಟು ತೂಕ ಎಂಬಲ್ಲಿ ಒಮ್ಮತವಿಲ್ಲ. ಸತುವಿಲ್ಲದೆ, ಪ್ರತಿಜೀವಕವಿಲ್ಲದೆ ಭೇದಿ ತಡೆಯುವ ಪ್ರಶ್ನೆಯಲ್ಲಿ ಯುರೋಪೇ ಇನ್ನೂ ದಾರಿ ಹುಡುಕುತ್ತಿದೆ. ಹುಳಿ, ಕಡಿಮೆ ಪ್ರೋಟೀನು, ರೋಗಾಣು ಅಂಟದ ತಳಿಯ ಆಯ್ಕೆ ಎಲ್ಲಕ್ಕೂ ಪ್ರತಿಪಾದಕರಿದ್ದಾರೆ, ಯಾವುದೊಂದೂ ಸತುವಿನ ಜಾಗವನ್ನು ಪೂರ್ತಿ ತುಂಬಿಲ್ಲ. ಕ್ಲಾಸಿಕಲ್ ಹಂದಿ ಜ್ವರದ (ಆಫ್ರಿಕನ್ ಜ್ವರವಲ್ಲ) ಲಸಿಕೆಯನ್ನು ಸಾಮಾನ್ಯವಾಗಿ ಎರಡು ತಿಂಗಳ ಸುಮಾರಿಗೆ ಹಾಕುತ್ತಾರೆ. ತಡವಾಗಿ ಮೊಲೆ ಬಿಡಿಸುವ ದೊಡ್ಡಿಗಳಲ್ಲಿ ಎರಡೂ ಒಟ್ಟಿಗೆ ಬರದಂತೆ ಹೊಂದಿಸುವುದು ಹೇಗೆ ಎಂಬುದಕ್ಕೂ ಊರಿಗೊಂದು ಉತ್ತರವಿದೆ.

ಎಲ್ಲಕ್ಕಿಂತ ಕಠಿಣವಾದದ್ದು ಮುಸುರೆಯದೇ. ಊರಿನ ಉಳಿಕೆಯನ್ನು ನಿಷೇಧಿಸಿದರೆ ತಲೆಮಾರುಗಳಿಂದ ಅದನ್ನೇ ನಂಬಿ ಹಂದಿ ಸಾಕಿದ ಕುಟುಂಬಗಳು ಮೊದಲು ಕೈಬಿಡಬೇಕಾಗುತ್ತದೆ, ಸಹಾಯಧನ ಪಡೆದ ಹೊಸ ಘಟಕಗಳು ಉಳಿಯುತ್ತವೆ. ನಿಷೇಧಿಸದೆ ಬಿಟ್ಟರೆ ಒಂದೇ ಸೋಂಕಿಗೆ ಎರಡೂ ಹೋಗುತ್ತವೆ. ಉಳಿಕೆ ಹುಟ್ಟಿಸುವ ಹೋಟೆಲು ಮತ್ತು ಮಂಟಪಗಳೇ ಅದನ್ನು ಕುದಿಸಿ ಕೊಡಬೇಕೆ, ನಗರಪಾಲಿಕೆ ವಾರ್ಡಿಗೊಂದು ಕುದಿಸುವ ಕೇಂದ್ರ ನಡೆಸಬೇಕೆ, ಅಥವಾ ಆ ಖರ್ಚನ್ನು ಹಂದಿ ಸಾಕುವವನ ಒಲೆಯ ಮೇಲೇ ಹೊರಿಸಬೇಕೆ ಎಂಬುದನ್ನು ಯಾವ ಪಶು ಆಹಾರ ತಜ್ಞನೂ ತೀರ್ಮಾನಿಸಲಾರ.